ಅಕ್ಕೋರ ಅಂಗಳ: ಅಪ್ಪಯ್ಯನ ಬೆಂಚಿಗೆ ಹೊಸ ಕಾಲು ಹಾಕಿಸಬಹುದೇ?

ಈ ಸಲ ಬಂದ ಕಾಗದಗಳಲ್ಲಿ ಮೂರು ಬೆಂಚಿನ ಬಗ್ಗೆಯೇ ಇದ್ದವು. ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೊದಲನೆಯ ಕಾಗದಕ್ಕೆ ಜಾಸ್ತಿ ಜಾಗ ಹೋಗಿದೆ. ಉಳಿದ ಇಬ್ಬರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೇನೆ. ತವರುಮನೆಯ ಅಂಗಳದ ಅಂಚಿಗೆ, ಮಾವಿನ ಮರದ ಕೆಳಗೆ ಒಂದು ಬೆಂಚಿದೆ. ಹಿತ್ತಿಲ ಹಲಸಿನ ಮರ ಗಾಳಿಗೆ ಬಿದ್ದಾಗ ಅಪ್ಪಯ್ಯ ಅದರಿಂದಲೇ ಮಾಡಿಸಿದ್ದು. ಊಟ ಮುಗಿಸಿ ಅಲ್ಲಿ ಕೂತು ಕವಳ ಹಾಕುತ್ತಿದ್ದರು. ಬೆರಳಿಗೆ ಉಳಿದ ಸುಣ್ಣವನ್ನು ಬೆಂಚಿನ ಬಲಗೈಯ ಅಡಿಗೆ ಒರೆಸುತ್ತಿದ್ದರು. ಆ ಬಿಳಿ ಗೀಟುಗಳು ಇನ್ನೂ ಇವೆ. ಈಗ ಆಯಿ ಸಂಜೆ ಅಲ್ಲೇ ಕೂತು ಅಬ್ಬಲಿಗೆ ಮಾಲೆ ಕಟ್ಟುತ್ತಾಳೆ. ತಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತಿದ್ದಾನೆ. ಬೆಂಚಿನ ಹಿಂದಿನ ಒಂದು ಕಾಲು ಕೊಳೆತು ಕುಂಬಾಗಿದೆ. ಇದಕ್ಕೆ ಹಾಕುವ ದುಡ್ಡಿಗೆ ಗ್ರಾನೈಟ್ ಬೆಂಚೇ ಬರುತ್ತದೆ ಎಂದು ಆಚಾರಿ ಹೇಳಿದರಂತೆ. ಬೇಕಿದ್ದರೆ ಕಾಲು ಬದಲಿಸಿ, ಪೂರ್ತಿ ಉಜ್ಜಿ ಪಾಲಿಶ್ ಮಾಡಿ ಕೊಡುತ್ತಾರಂತೆ. ನಾನೇ ಹುಬ್ಬಳ್ಳಿಗೆ ತಂದು ಬಾಲ್ಕನಿಯಲ್ಲಿ ಇಟ್ಟುಕೊಳ್ಳಲೇ ಅನಿಸುತ್ತದೆ. ನಮ್ಮ ಮನೆಯವರು ‘ಮರದ ತುಂಡಿಗೆ ಇಷ್ಟು ಹಚ್ಚಿಕೊಂಡರೆ ಹೇಗೆ’ ಎನ್ನುತ್ತಾರೆ. ಕಾಲು ಬದಲಿಸಿದ ಮೇಲೆ ಅದು ಅಪ್ಪಯ್ಯನ ಬೆಂಚಾಗಿ ಉಳಿಯುತ್ತದೆಯೇ? ಏನು ಮಾಡಲಿ?

ಉತ್ತರ: ತಮ್ಮ ಏನಂದ, ಆಚಾರಿ ಏನಂದರು, ಮನೆಯವರು ಏನಂದರು, ಎಲ್ಲ ಬರೆದಿದ್ದೀರಿ. ಆಯಿ ಏನಂದರು ಅನ್ನುವುದು ಮಾತ್ರ ಕಾಗದದಲ್ಲಿ ಎಲ್ಲೂ ಇಲ್ಲ. ಅವರು ಸಂಜೆ ಅಲ್ಲಿ ಕೂತು ಮಾಲೆ ಕಟ್ಟುತ್ತಾರೆ ಎಂಬ ಒಂದು ಸಾಲು ಸುಮ್ನೆ ಬಂದು ಹೋಗಿದೆ. ನನಗೆ ಇಡೀ ಕಾಗದದಲ್ಲಿ ಅದೇ ದೊಡ್ಡ ಸಾಲು.

ನೀವು ಅದನ್ನು ಅಪ್ಪಯ್ಯನ ಬೆಂಚು ಎನ್ನುತ್ತೀರಿ, ಸರಿ. ಆದರೆ ಇವತ್ತು ಅದರ ಮೇಲೆ ಕೂರುತ್ತಿರುವವರು ಆಯಿ. ನಿಮಗೆ ಅದು ನೆನಪು. ಅವರಿಗೆ ದಿನಾ ಸಂಜೆಯ ಜಾಗ. ಅದನ್ನು ಹುಬ್ಬಳ್ಳಿಗೆ ಸಾಗಿಸಿದರೆ ನಿಮ್ಮ ನೆನಪು ಉಳಿಯುತ್ತದೆ, ಅವರ ಸಂಜೆ ಹೋಗುತ್ತದೆ. ಹಾಗಾಗಿ ಮೊದಲು ಆಯಿಗೆ ಫೋನ್ ಮಾಡಿ. ಆದರೆ ‘ಬೆಂಚು ಬೇಕಾ, ಬೇಡ್ವಾ’ ಎಂದು ಕೇಳಬೇಡಿ. ನಮ್ಮ ಕಡೆಯ ತಾಯಂದಿರು ಅದಕ್ಕೆ ಒಂದೇ ಉತ್ತರ ಕೊಡುತ್ತಾರೆ, ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಅಂತ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬದಲಿಗೆ, ‘ಆಯಿ, ಬೆಂಚಿನಿಂದ ಏಳುವಾಗ ಎಲ್ಲಿ ಕೈ ಊರಿ ಏಳುತ್ತೀ?’ ಎಂದು ಕೇಳಿ. ಬೆಂಚಿನ ಕೈ ಹಿಡಿದು ಏಳುತ್ತೇನೆ ಎಂದರೆ ಗ್ರಾನೈಟಿನ ಮಾತು ಅಲ್ಲಿಗೇ ಮುಗಿಯಿತು. ಅಂಗಡಿಯಲ್ಲಿ ಸಿಗುವ ಕಲ್ಲಿನ ಬೆಂಚುಗಳಿಗೆ ಸಾಮಾನ್ಯವಾಗಿ ಕೈ ಇರುವುದಿಲ್ಲ, ಎಷ್ಟೋ ಸಲ ಬೆನ್ನೂ ಇರುವುದಿಲ್ಲ. ಮೊಣಕಾಲು ನೋವಿದ್ದವರಿಗೆ ಏಳುವಾಗ ಬೇಕಾಗುವುದು ಅದೇ. ಜೊತೆಗೆ ಕಲ್ಲು ಬೇಸಿಗೆಯ ಮಧ್ಯಾಹ್ನ ಸುಡುತ್ತದೆ, ಮಳೆಗಾಲದಲ್ಲಿ ಕೊರೆಯುತ್ತದೆ. ಹಲಸಿನ ಹಲಗೆ ಎರಡೂ ಮಾಡುವುದಿಲ್ಲ.

ಇನ್ನು ಕಾಲಿನ ವಿಷಯ. ನನ್ನ ಅಪ್ಪ ಆಚಾರಿ. ಕುಮಟೆಯಲ್ಲಿ ನಮ್ಮ ಮನೆಯ ಹಿಂದಿನ ಮಾಡಿನಲ್ಲೇ ಅವರ ಕೆಲಸ. ಶಾಲೆಯಿಂದ ಬಂದವಳು ಹತ್ತರಿಯ ಹೊಟ್ಟಿನ ರಾಶಿಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು ನಾನು. ರಿಪೇರಿಗೆ ಬಂದ ಮರದ ವಿಷಯದಲ್ಲಿ ಅಪ್ಪನದ್ದು ಒಂದು ಕಟ್ಟುನಿಟ್ಟಿತ್ತು. ಬಿಚ್ಚಿ ತೆಗೆದ ಹಳೇ ತುಂಡನ್ನು ಅವರು ಒಲೆಗೆ ಹಾಕುತ್ತಿರಲಿಲ್ಲ. ಹುಳ ಹಿಡಿದದ್ದಾದರೂ ಸರಿ, ಚೀಲಕ್ಕೆ ಹಾಕಿ ಯಜಮಾನರ ಕೈಗೆ ಕೊಡುತ್ತಿದ್ದರು. ಹೊಸ ತುಂಡು ಕೂರಿಸಿದ ಮೇಲೆ ಯಾರಿಗೂ ಕಾಣದ ಕಡೆ ಪೆನ್ಸಿಲ್ಲಿನಲ್ಲಿ ಇಸವಿ ಬರೆಯುತ್ತಿದ್ದರು. ನಮ್ಮ ಓಣಿಯ ಒಂದು ತೊಟ್ಟಿಲಿನ ಅಡಿಯಲ್ಲಿ ಹೀಗೆ ಬೇರೆ ಬೇರೆ ಕೈಬರಹದ ಇಸವಿಗಳನ್ನು ನಾನೇ ನೋಡಿದ್ದೇನೆ. ಕೆಳಗಿನದ್ದು ಅಪ್ಪನ ಅಕ್ಷರ. ಆ ಮನೆಯವರು ಅದನ್ನು ಅಜ್ಜಿಯ ತೊಟ್ಟಿಲು ಎಂದೇ ಕರೆಯುತ್ತಾರೆ. ಹಲ್ಲು ಕಟ್ಟಿಸಿಕೊಂಡ ಅಜ್ಜನನ್ನು ಯಾರಾದರೂ ಬೇರೆ ಅಜ್ಜ ಅನ್ನುತ್ತಾರಾ? ಕಾಲು ಧೈರ್ಯವಾಗಿ ಬದಲಿಸಿ.

ಆದರೆ ಪೂರ್ತಿ ಕಾಲು ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಬೆಂಚನ್ನು ಮಗುಚಿ ಹಾಕಿ, ಸಣ್ಣ ಚೂರಿಯ ಮೊನೆಯಿಂದ ಕಾಲನ್ನು ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾ ಬನ್ನಿ. ಕುಂಬಾದ ಕಡೆ ಮೊನೆ ಮೆತ್ತಗೆ ಒಳಗೆ ಹೋಗುತ್ತದೆ. ಗಟ್ಟಿ ಮರ ಬಂದ ಕೂಡಲೇ ತಡೆಯುತ್ತದೆ. ಹೊರಗಿಟ್ಟ ಬೆಂಚು ಹಾಳಾಗುವುದು ಹೆಚ್ಚಾಗಿ ಪಾದದಿಂದ. ಮರದ ಎಳೆಗಳು ಕಾಲಿನ ಅಡಿಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಹಸಿ ಮಣ್ಣಿನ ನೀರನ್ನು ಅಲ್ಲಿಂದಲೇ ಹೀರುತ್ತವೆ. ಶಿರಸಿಯ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಪಾದ ಒಣಗುವುದೇ ಇಲ್ಲ. ಮರದೊಳಗಿನ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಕುಂಬು ತರುವ ಬೂಷ್ಟು ಬೆಳೆಯಲಾರದು. ಹಾಗಾಗಿ ನಿಮ್ಮ ಬೆಂಚಿನ ಶತ್ರು ವಯಸ್ಸಲ್ಲ, ತೇವ. ಕುಂಬು ಕೆಳಗಿನ ಗೇಣುದ್ದದಲ್ಲೇ ನಿಂತಿದ್ದರೆ ಅಷ್ಟನ್ನೇ ಕೊಯ್ದು, ಗಟ್ಟಿ ಮರದಲ್ಲಿ ಓರೆಯಾಗಿ ಸೀಳು ಮಾಡಿ, ಹೊಸ ಪಾದ ಜೋಡಿಸಬಹುದು. ಮೇಲಿನ ತನಕ ಹೋಗಿದ್ದರೆ ಮಾತ್ರ ಪೂರ್ತಿ ಕಾಲು.

ಹೊಸ ತುಂಡೂ ಹಲಸಿನದ್ದೇ ಆಗಲಿ. ಚೆನ್ನಾಗಿ ಒಣಗಿದ, ಒಳಗಿನ ಕೆಚ್ಚಿನ ಮರ ಕೇಳಿ. ಹಲಸಿನ ಕೆಚ್ಚಿಗೆ ಒರಲೆ ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ವೀಣೆಗೆ, ಮೃದಂಗಕ್ಕೆ ಬಳಸುವ ಮರ ಅದು. ಹೊಸದರಲ್ಲಿ ಅರಿಶಿನದ ಹಾಗೆ ಹಳದಿಯಾಗಿರುತ್ತದೆ, ಹಳೇ ಕಂದು ಬೆಂಚಿಗೆ ಆ ಒಂದು ಕಾಲು ಎದ್ದು ಕಾಣುತ್ತದೆ. ಬಣ್ಣ ಹಚ್ಚಿ ಮುಚ್ಚಿಸಲು ಹೋಗಬೇಡಿ. ಬಿಸಿಲು, ಗಾಳಿ ಬಿದ್ದ ಹಾಗೆ ತಾನಾಗಿ ಕಂದಾಗುತ್ತದೆ. ಜೋಡಣೆಗೆ ಹಳೇ ಬೆಂಚಿನಲ್ಲಿ ಬಿದಿರಿನ ಮೊಳೆ ಇದ್ದರೆ ಬಿದಿರಿನದ್ದೇ ಹಾಕಿಸಿ. ಕಬ್ಬಿಣದ ಮೊಳೆ ಹೊಡೆಸಬೇಡಿ. ಮಳೆಗೆ ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಮರವನ್ನೂ ಸೀಳಿಬಿಡುತ್ತದೆ.

ಪಾಲಿಶ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಬೆಂಚಿನ ಕೈಗಳಿಗೆ ಹತ್ತರಿ ತಾಗಿಸಬೇಡಿ, ಸ್ಯಾಂಡ್ ಪೇಪರ್ ಕೂಡ ಬೇಡ. ಇಷ್ಟು ವರ್ಷ ಅಂಗೈ ಸವರಿ ಸವರಿ ಅಲ್ಲಿ ಒಂದು ನುಣುಪು ಬಂದಿರುತ್ತದೆ. ಅದು ಯಾವ ಮಷೀನಿನಿಂದಲೂ ಬರುವುದಿಲ್ಲ. ಕಣ್ಣು ಮುಚ್ಚಿ ಕೈ ಆಡಿಸಿ ನೋಡಿ. ಬಲಗೈಯ ತುದಿಯಲ್ಲಿ, ಅಪ್ಪಯ್ಯ ಅಡಕತ್ತರಿ ಇಡುತ್ತಿದ್ದ ಕಡೆ ಒಂದು ಸಣ್ಣ ಗುಳಿಯೋ ಕಚ್ಚೋ ಸಿಕ್ಕರೂ ಸಿಗಬಹುದು. ಅಡಿಗೆ ಸುಣ್ಣದ ಗೀಟುಗಳಂತೂ ಇದ್ದೇ ಇವೆ. ಕವಳ ಹಾಕುವವರ ಮನೆಯ ಕಂಬಗಳಲ್ಲೆಲ್ಲ ಇರುವ ಗೀಟೇ ಅದು, ಯಾರೂ ಅದನ್ನು ಚಂದ ಅನ್ನುವುದಿಲ್ಲ. ಆದರೆ ಇದರಲ್ಲಿ ನಿಮ್ಮ ಅಪ್ಪಯ್ಯನ ತೋರುಬೆರಳಿನ ಅಗಲ ಇದೆ. ಎಲೆಗೆ ಸುಣ್ಣ ಸವರಿ, ಉಳಿದದ್ದನ್ನು ನೋಡದೆಯೇ ಹಾಗೇ ಕೆಳಗೆ ಒರೆಸಿದ ಅಭ್ಯಾಸ ಇದೆ. ಫೋಟೋದಲ್ಲಿ ಇದು ಸಿಗುವುದಿಲ್ಲ, ಅಲ್ವಾ? ಫೋಟೋಕ್ಕೆ ಅವರು ನೆಟ್ಟಗೆ ಕೂತಿರುತ್ತಾರೆ. ಆ ಜಾಗಕ್ಕೆ ಒದ್ದೆ ಬಟ್ಟೆಯೂ ಬೇಡ, ಎಣ್ಣೆಯೂ ಬೇಡ. ಆಚಾರಿಗೆ ಬಾಯಲ್ಲಿ ಹೇಳಿದರೆ ಸಾಲದು. ಕೆಲಸ ಶುರುವಾಗುವ ಮೊದಲು ಆ ಕೈಗೆ ಒಂದು ಹಳೇ ಪಂಚೆ ಸುತ್ತಿ ಕಟ್ಟಿಬಿಡಿ.

ಕೂರುವ ಹಲಗೆಗೆ, ಬೆನ್ನಿಗೆ ವಾರ್ನಿಶ್ ಬೇಡ. ನಮ್ಮ ಮಳೆಗೆ ಅದು ಹೊಪ್ಪಳಿಕೆ ಎದ್ದು, ಒಳಗೆ ನೀರು ನಿಂತು ಇನ್ನೂ ಕೆಡುತ್ತದೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುತ್ತದೆ, ನಮ್ಮ ಅಗಸೆ ಎಣ್ಣೆಯೇ. ಮೊದಲ ಸಲ ಎಣ್ಣೆಯಷ್ಟೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ದಪ್ಪ ಬಳಿದರೆ ಅಂಟಂಟಾಗಿ, ಮಳೆಗಾಲದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿ. ನಾಲ್ಕೂ ಪಾದದ ಅಡಿಗೆ ಮಾತ್ರ ಗೇರೆಣ್ಣೆ ಕುಡಿಸಿ. ದೋಣಿಗೆ ಹಚ್ಚುವ ಅದೇ ಗೇರುಸಿಪ್ಪೆಯ ಎಣ್ಣೆ. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗ್ಲೌಸ್ ಹಾಕಿಕೊಳ್ಳದೆ ಯಾರೂ ಮುಟ್ಟಬಾರದು. ಈ ಕೆಲಸವೆಲ್ಲ ಮಳೆ ಪೂರ್ತಿ ಬಿಟ್ಟ ಮೇಲೆ ಆಗಲಿ. ಅಡಿಕೆ ಕೊಯ್ಲಿನ ಬಿಸಿಲು ಬಿದ್ದು ಮರ ಒಣಗಿರಬೇಕು. ಒದ್ದೆ ಮರಕ್ಕೆ ಎಣ್ಣೆ ಹಚ್ಚಿದರೆ ತೇವವನ್ನು ಒಳಗೆ ಕೂಡಿ ಹಾಕಿದ ಹಾಗೆ.

ಬಾಲ್ಕನಿಗೆ ನಾನು ಬೇಡ ಎನ್ನುತ್ತೇನೆ. ಆಯಿಯ ಕಾರಣ ಹೇಳಿದೆ. ಮರದ ಕಾರಣವೂ ಇದೆ. ಮಲೆನಾಡಿನ ತೇವದಲ್ಲಿ ಬಾಳಿದ ಹಲಗೆ ಹುಬ್ಬಳ್ಳಿಯ ಒಣ ಬಿಸಿಲಿಗೆ ಕುಗ್ಗುತ್ತದೆ. ಜೋಡಣೆ ಸಡಿಲಾಗುತ್ತದೆ, ಬಿರುಕು ಬಿಡುತ್ತದೆ. ಇನ್ನೂ ಒಂದಿದೆ. ಆ ಬೆಂಚಿಗೆ ಎದುರು ಏನಿದೆ ಅಂತ ನೀವು ಬರೆದಿಲ್ಲ, ಆದರೆ ನಿಮ್ಮ ಕಡೆಯ ಮನೆಗಳನ್ನು ನೋಡಿದವಳಾಗಿ ಊಹಿಸಬಲ್ಲೆ. ಅಂಗಳ ಇಳಿದರೆ ತೋಟ, ತೋಟದ ಮಗ್ಗುಲಲ್ಲಿ ಬರುವ ದಾರಿ. ಅಪ್ಪಯ್ಯ ಅಲ್ಲಿ ಕೂತು ನೋಡುತ್ತಿದ್ದದ್ದು ಆ ದಾರಿಯನ್ನು. ಯಾರು ಬಂದರು, ಕೊನೆಗಾರ ಬಂದನಾ, ಮಗಳು ಬಸ್ಸಿಳಿದು ಬಂದಳಾ. ಬಾಲ್ಕನಿಯಲ್ಲಿ ಅದೇ ಬೆಂಚು ಎದುರಿನ ಕಟ್ಟಡದ ನೀರಿನ ಟ್ಯಾಂಕನ್ನು ನೋಡುತ್ತಾ ಕೂರಬೇಕಾಗುತ್ತದೆ.

ತಮ್ಮನ ಜೊತೆ ಜಗಳ ಬೇಡ. ಮಳೆಗಾಲದ ರಾಡಿ ತುಳಿಯುವವನು ಅವನು, ಇಂಟರ್‌ಲಾಕ್ ಬೇಕು ಅನಿಸಿದ್ದರಲ್ಲಿ ತಪ್ಪೇನಿಲ್ಲ. ಮಾವಿನ ಬುಡದ ಸುತ್ತ ಒಂದು ಮಾರಿನಷ್ಟು ಜಾಗ ಮಣ್ಣಾಗಿಯೇ ಬಿಡು ಎಂದು ಕೇಳಿಕೊಳ್ಳಿ. ಬೇರಿಗೂ ನೀರು, ಗಾಳಿ ಬೇಕಲ್ಲ. ಮೊದಲ ಮಳೆಗಾಲ ಕಳೆಯುವುದರೊಳಗೆ ಆ ಇಂಟರ್‌ಲಾಕ್ ಮೇಲೆ ಹಾವಸೆ ಹಿಡಿದು ಜಾರುತ್ತದೆ, ಆಯಿ ಓಡಾಡುವ ದಾರಿಯನ್ನು ಆಗಾಗ ಉಜ್ಜಬೇಕು ಎಂದೂ ಹೇಳಿಡಿ. ಬೆಂಚಿನ ನಾಲ್ಕು ಕಾಲಿಗೆ ನಾಲ್ಕು ಚಪ್ಪಟೆ ಕಲ್ಲು ಕೊಡಲಿ. ಮಣ್ಣಿಗೂ ಮರಕ್ಕೂ ಎರಡು ಇಂಚು ಅಂತರ ಸಿಕ್ಕರೆ ಸಾಕು. ಮಳೆ ಹಿಡಿಯುವ ಮೊದಲು ಇಬ್ಬರು ಎತ್ತಿ ಜಗುಲಿಗೋ, ಅಡಿಕೆ ಸೋಗೆಯ ತಟ್ಟಿ ಕಟ್ಟಿದ ಮಾಡಿನ ಕೆಳಗೋ ಇಟ್ಟರೆ ಇನ್ನೂ ಒಳ್ಳೆಯದು. ಖರ್ಚು ನೀವು ಕೊಡಿ. ದುಡ್ಡಿನ ಮಾತು ಎತ್ತದೆ ಕೊಟ್ಟರೆ ತಮ್ಮನಿಗೂ ಹಗುರ.

ಇನ್ನು ‘ಮರದ ತುಂಡು’ ಎಂದ ಮನೆಯವರಿಗೆ. 1983ರ ಸೆಪ್ಟೆಂಬರಿನಲ್ಲಿ ನಿಮ್ಮದೇ ತಾಲ್ಲೂಕಿನ ಸಾಲ್ಕಣಿ ಹತ್ತಿರದ ಕಳಸೆ ಕಾಡಿಗೆ ಜನ ನಡೆದು ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಅಲ್ಲಿಂದಲೇ ಶುರುವಾದದ್ದು. ಅದು ಕಾಡು ಉಳಿಸುವ ದೊಡ್ಡ ಕೆಲಸ, ಗೊತ್ತು. ಆದರೆ ಮರವನ್ನು ಹಚ್ಚಿಕೊಳ್ಳುವುದು ನಿಮ್ಮ ಊರಿನ ಮಣ್ಣಲ್ಲೇ ಇದೆ. ನಿಮ್ಮ ಬೆಂಚಂತೂ ಮನೆಯ ಹಿತ್ತಿಲಲ್ಲಿ ಬೆಳೆದು, ಹಣ್ಣು ಕೊಟ್ಟು, ಬಿದ್ದ ಮೇಲೆ ಕೂರಲು ಜಾಗವಾದ ಮರ. ಇದನ್ನೆಲ್ಲ ಅವರಿಗೆ ವಾದ ಮಾಡಿ ಹೇಳಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವರನ್ನೂ ಕೂರಿಸಿಕೊಂಡು, ಬೆಂಚಿನ ಕೈಯಡಿಗೆ ಅವರ ಬೆರಳು ಹಿಡಿದು ಮುಟ್ಟಿಸಿ.

ಹಳೇ ಕಾಲಿನ ತುಂಡನ್ನು ಆಚಾರಿಯಿಂದ ಕೇಳಿ ಪಡೆಯಿರಿ. ಗಟ್ಟಿ ಇರುವ ಭಾಗ ಅಂಗೈ ಅಗಲದಷ್ಟು ಸಿಕ್ಕರೆ ಸಾಕು, ಅದನ್ನು ಹುಬ್ಬಳ್ಳಿಗೆ ತನ್ನಿ. ಕೂರುವ ಹಲಗೆಯ ಅಡಿಗೆ ಈ ವರ್ಷದ ಇಸವಿ ಕೊರೆಸಲು ಮರೆಯಬೇಡಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರ ನಮ್ಮ ಮನೆ. ಹಿತ್ತಿಲಲ್ಲಿ ಅಜ್ಜನ ಕಾಲದ ಬೆಂಚು. ಎರಡು ಬದಿಗೆ ಬಳ್ಳಿಯ ಚಿತ್ತಾರದ ಬೀಡುಕಬ್ಬಿಣದ ಕಾಲು, ನಡುವೆ ಸಾಗವಾನಿ ಪಟ್ಟಿ. ಒಂದು ಕಾಲು ಬಿರುಕು ಬಿಟ್ಟಿದೆ. ತುಕ್ಕು ಉಜ್ಜಿ ಬಣ್ಣ ಹೊಡೆದರೂ ಮತ್ತೆ ಬರುತ್ತದೆ. ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ದಾರಿ ಗೊತ್ತಿಲ್ಲ.

ಉತ್ತರ: ಕೊಡಬೇಡಿ. ತುಕ್ಕು ಮತ್ತೆ ಬರುವುದು ಉಪ್ಪಿನಿಂದ. ಸಮುದ್ರದ ಗಾಳಿಯ ಉಪ್ಪು ಕಬ್ಬಿಣದ ಸಣ್ಣ ಗುಳಿಗಳಲ್ಲಿ ಕೂತಿರುತ್ತದೆ. ಉಜ್ಜಿ ನೇರ ಬಣ್ಣ ಹೊಡೆದರೆ ಉಪ್ಪು ಬಣ್ಣದ ಕೆಳಗೇ ಉಳಿದು ಮತ್ತೆ ಕೆಲಸ ಶುರು ಮಾಡುತ್ತದೆ. ಮರದ ಪಟ್ಟಿ ಬಿಚ್ಚಿಟ್ಟು, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಾವಿಯ ಸಿಹಿನೀರಿನಲ್ಲಿ ಚಿತ್ತಾರದ ಸಂದುಸಂದಿಗೂ ಚೆನ್ನಾಗಿ ತೊಳೆಯಿರಿ. ಕಡು ಬಿಸಿಲಿನ ದಿನ ಆರಿಸಿಕೊಳ್ಳಿ. ಒಣಗಿದ ದಿನವೇ, ಸಂಜೆಯ ಗಾಳಿ ಬೀಸುವ ಮೊದಲೇ ಪ್ರೈಮರ್ ಬೀಳಬೇಕು. ಅದು ಒಣಗಿದ ಮೇಲೆ ಎರಡು ಕೈ ಎನಾಮಲ್.

ಬಿರುಕಿಗೆ ಮಾಮೂಲಿ ವೆಲ್ಡಿಂಗ್ ಮಾಡಿಸಬೇಡಿ. ಬೀಡು ಆ ಬಿಸಿ ತಡೆಯದೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಹಿಂದುಗಡೆಗೆ ಒಂದು ಲೋಹದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ, ಮುಂದಿನಿಂದ ಕಾಣುವುದಿಲ್ಲ. ಬೋಲ್ಟ್, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಇರಲಿ. ಸಮುದ್ರದ ಬದಿಗೆ 316 ನಂಬರಿನದ್ದು ಕೇಳಿ ಪಡೆಯಿರಿ. ಬಣ್ಣ ಹೊಡೆಯುವ ಮೊದಲು ಕಾಲಿನ ಒಳಮೈ ನೋಡಿ. ಎರಕದವರ ಹೆಸರೋ ಇಸವಿಯೋ ಉಬ್ಬಕ್ಷರದಲ್ಲಿ ಇರುವುದುಂಟು.

ಪ್ರಶ್ನೆ: ಅಂಕೋಲೆ ಕಡೆಯವನು, ವಯಸ್ಸು ಎಪ್ಪತ್ತು ದಾಟಿದೆ. ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡುವಾಗ ನಮ್ಮ ಗೇಟಿನ ಮುಂದಿದ್ದ ಬೆಂಚು ಹೋಯಿತು. ಎರಡು ಕಲ್ಲುಗಂಬ, ಮೇಲೊಂದು ಮತ್ತಿ ಮರದ ಹಲಗೆ, ಅಷ್ಟೇ. ಗೆಳೆಯರು ಮೂವರು ದಿನಾ ಸಂಜೆ ಅಲ್ಲಿ ಕೂರುತ್ತಿದ್ದೆವು. ಈಗ ಅವರವರ ಮನೆಯಲ್ಲೇ ಇರುತ್ತೇವೆ. ಈ ವಯಸ್ಸಿನಲ್ಲಿ ಒಂದು ಹಲಗೆಗಾಗಿ ದುಃಖಪಡುವುದು ಸರಿಯೇ?

ಉತ್ತರ: ಅಣ್ಣ, ದುಃಖ ಹಲಗೆಗೆ ಮಾತ್ರವಾಗಿದ್ದರೆ ನೀವು ಗೆಳೆಯರ ಮಾತು ಬರೆಯುತ್ತಿರಲಿಲ್ಲ. ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ, ಹೊತ್ತಾದರೆ ಬಂದು ಕೂರುತ್ತಿದ್ದಿರಿ. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದೆಂದರೆ ಚಾ ಮಾಡಬೇಕು, ಸೊಸೆಗೆ ತೊಂದರೆ ಎಂಬ ಸಂಕೋಚ ಬರುತ್ತದೆ. ಬೆಂಚಿನಲ್ಲಿ ಅದು ಯಾವುದೂ ಇರಲಿಲ್ಲ. ಇಷ್ಟು ದೊಡ್ಡ ಸೌಕರ್ಯ ಹೋದರೆ ಯಾವ ವಯಸ್ಸಿನಲ್ಲೂ ದುಃಖವಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಹಳೇದು ಬರುವುದಿಲ್ಲ. ಹೊಸದನ್ನು ಹಾಕಿಸಿ. ಹೆದ್ದಾರಿಯ ಕಡೆಗೆ ಬೇಡ, ದೂಳು, ಶಬ್ದ ಜಾಸ್ತಿ. ಮೂವರಲ್ಲಿ ಯಾರ ಮನೆಗೆ ಒಳರಸ್ತೆಯ ಬದಿ ಕಂಪೌಂಡಿದೆಯೋ ಅಲ್ಲಿ, ಗೇಟಿನ ಹೊರಗೆ, ಆದರೆ ಅವರದ್ದೇ ಜಾಗದೊಳಗೆ. ಗೇಟಿನ ಒಳಗೆ ಹಾಕಿದರೆ ಮತ್ತೆ ಸಂಕೋಚ ಶುರುವಾಗುತ್ತದೆ. ಎರಡು ಬದಿಗೆ ಚಿರೆಕಲ್ಲು ಕಟ್ಟಿಸಿ, ನೆಲದಿಂದ ಕೂರುವ ಮಟ್ಟ 18 ಇಂಚು ಇರಲಿ, ಹಲಗೆಯ ಅಗಲ 16 ಇಂಚು. ಒಂದು ತುದಿಗೆ ಏಳುವಾಗ ಊರಲು ಒಂದು ಗಟ್ಟಿ ಕೈ ಮಾಡಿಸಿ. ಹಲಗೆ ಸ್ವಲ್ಪವೇ ಮುಂದಕ್ಕೆ ಇಳಿಜಾರಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ. ಮೂವರಿಗೆ ಐದು ಅಡಿ ಉದ್ದ ಸಾಕು. ಆದರೆ ಆರೂವರೆ ಅಡಿ ಹಾಕಿಸಿ, ನಾಲ್ಕನೆಯವರು ಬಂದೇ ಬರುತ್ತಾರೆ.